ನೆಟ್ಟಲ್ಲಿ ಸಿಕ್ಕಿದ ಕಾಗೆ

ಟೀ ಶರ್ಟಿನ ಮೇಲೆ ಚಿತ್ರ ಅಚ್ಚು ಹಾಕುವ ಆ ಪುಟ್ಟ ಅಂಗಡಿಯಲ್ಲಿ ಕೆಲಸದವರೆಲ್ಲ ಮನೆಯವರೇ. ಸೊಸೆ ಅಚ್ಚು ಹಾಕುತ್ತಾಳೆ, ಗಂಡ ಬಣ್ಣ ಕಲಸುತ್ತಾನೆ, ಅತ್ತೆ ಒಣಗಿದ ಶರ್ಟು ಮಡಿಸುತ್ತಾರೆ. ಒಂದು ಬೆಳಿಗ್ಗೆ ಗಿಟಾರ್ ಅಂಗಡಿಯ ಮಾಲೀಕರು ಬಂದು, ಹೆಸರುವಾಸಿ ರಾಕ್ ಬ್ಯಾಂಡೊಂದರ ಲೋಗೊ ಹಾಕಿದ ಅರವತ್ತು ಶರ್ಟು ಬೇಕೆಂದರು.

"ಲೋಗೊ ಕೊಡಿ," ಎಂದಳು ಸೊಸೆ.

"ನನ್ನ ಹತ್ರ ಎಲ್ಲಿಂದ ಬರ್ಬೇಕು? ನೆಟ್ಟಲ್ಲಿ ಬಿದ್ದಿದೆ, ತಗೊಂಡು ಹಾಕಿ. ಶನಿವಾರ ಅವರ ಕಾರ್ಯಕ್ರಮ. ಅಷ್ಟರೊಳಗೆ ನನ್ನ ಅಂಗಡೀಲಿ ಮಾರಾಟಕ್ಕೆ ಇರ್ಬೇಕು."

ಸೊಸೆ ಹುಡುಕಿ ತೆಗೆದಳು. ಹರಿದ ರೆಕ್ಕೆ ಚಾಚಿದ ಕಾಗೆ, ಕೆಳಗೆ ಮುಳ್ಳುಮುಳ್ಳಾದ ಅಕ್ಷರಗಳಲ್ಲಿ ಬ್ಯಾಂಡಿನ ಹೆಸರು. ಅತ್ತೆ ಕನ್ನಡಕ ಏರಿಸಿದರು. "ಕಾಗೆ ಓಡಿಸೋದು ನೋಡಿದ್ದೆ. ಎದೆ ಮೇಲೆ ಕೂರಿಸ್ಕೊಳ್ಳೋದು ಈಗ ನೋಡ್ದೆ ಕಣೇ!"

ಹನ್ನೆರಡು ಶರ್ಟು ಮುಗಿದಿತ್ತು. ಎದುರು ಅಂಗಡಿಯಲ್ಲಿ ಬೋರ್ಡ್ ಬರೆಯುವ ಗೆಳತಿ ಅಳತೆಪಟ್ಟಿ ಕೇಳಲು ಬಂದವಳು, ಕಾಗೆ ನೋಡಿ ನಿಂತಳು.

"ಬ್ಯಾಂಡಿನವರನ್ನ ಕೇಳಿದೀಯಾ?"

ಸೊಸೆಗೆ ನಗು ಬಂತು. "ನೆಟ್ಟು ಅಂದ್ರೆ ಊರ ಬಾವಿ ಇದ್ದ ಹಾಗೆ. ನೀರು ಸೇದೋಕೆ ಯಾರಪ್ಪಣೆ ಬೇಕು?"

"ಊರ ಬಾವಿ ಅಲ್ಲಮ್ಮ, ಯಾರದೋ ಹಿತ್ತಲ ಬಾವಿ. ಬೇಲಿ ಕಾಣ್ತಿಲ್ಲ ಅಷ್ಟೇ."

ಗೆಳತಿ ಸ್ಟೂಲ್ ಎಳೆದು ಕೂತಳು. "ಒಂದು ಬ್ಯಾಂಡಿಗೆ ನಾನೇ ಲೋಗೊ ಬರೆದಿದ್ದೆ. ಒಂದೊಂದು ಅಕ್ಷರಾನೂ ಹತ್ತತ್ತು ಸಲ ಅಳಿಸಿ ಬರೆದಿದೀನಿ. ಯಾರೋ ಅದನ್ನ ನೆಟ್ಟಿಂದ ಎತ್ಕೊಂಡು ಸುಳ್ಳು ಟಿಕೆಟ್ ಮಾಡಿದ್ರು. ಆ ಟಿಕೆಟ್ ಕೊಂಡ ಒಬ್ಬ ಅಪ್ಪ, ಮಗಳು ಎರಡು ಬಸ್ ಬದಲಾಯಿಸಿ ಕಾರ್ಯಕ್ರಮಕ್ಕೆ ಬಂದಿದ್ರು. ಗೇಟಲ್ಲೇ ತಡೆದ್ರು. 'ಲೋಗೊ ನಿಮ್ಮದೇ ಇದೆಯಲ್ಲ' ಅಂತ ಆ ಹುಡುಗಿ ಟಿಕೆಟ್ ತೋರಿಸಿ ಅಳ್ತಿದ್ಲು. ಜನ ಬೈದಿದ್ದು ಯಾರನ್ನ? ಬ್ಯಾಂಡಿನವರನ್ನ."

ಸೊಸೆಯ ಕೈ ನಿಂತಿತು. "ನಾನೇನು ಸುಳ್ಳು ಟಿಕೆಟ್ ಮಾಡ್ತಿಲ್ವಲ್ಲ. ಬೇಕಾದ್ರೆ ಕಾಗೇನ ಗೂಬೆ ಮಾಡ್ತೀನಿ, ಆಯ್ತಾ?"

"ಟೋಪಿ ಹಾಕಿದ ಮಾತ್ರಕ್ಕೆ ಪಕ್ಕದ ಮನೆ ಮಗು ನಿನ್ನದಾಗುತ್ತಾ? ಒಂದು ಪತ್ರ ಬರಿ, ಸಾಕು."

ಇಬ್ಬರೂ ಕೂತು ಬರೆದರು. ಯಾವ ಚಿತ್ರ, ಎಷ್ಟು ಶರ್ಟು, ಮಾರುವುದು ಎಲ್ಲಿ, ಎಲ್ಲವನ್ನೂ ಬಿಡಿಸಿ ಹೇಳಿ ಬ್ಯಾಂಡಿನ ಈಮೇಲ್‌ಗೆ ಕಳಿಸಿದರು. ಮರುದಿನ ಉತ್ತರ ಬಂತು. ಕೇಳಿದ್ದಕ್ಕೆ ಸಂತೋಷ, ಆದರೆ ಒಪ್ಪಿಗೆ ಕೊಡಲಾಗದು, ಶರ್ಟುಗಳನ್ನು ನಾವೇ ಮಾಡಿಸಿ ಮಾರುತ್ತೇವೆ ಎಂದಿತ್ತು.

ಸೊಸೆಯ ಮುಖ ಬಾಡಿತು. ಗಂಡ, "ಹನ್ನೆರಡೇ ತಾನೆ? ಕೊಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತೆ?" ಎಂದ.

"ಕೇಳೋ ತನಕ ಗೊತ್ತಿರ್ಲಿಲ್ಲ ಅನ್ಬಹುದಿತ್ತು. ಈಗ ಬೇಡ ಅಂತ ಬರೆದುಕೊಟ್ಟಿದಾರೆ. ಇನ್ನು ಮಾರಿದ್ರೆ ಕದ್ದ ಹಾಗೇ," ಎಂದಳು ಸೊಸೆ.

ಅತ್ತೆ ಹನ್ನೆರಡು ಶರ್ಟನ್ನೂ ಮಡಿಲಿಗೆ ಎಳೆದುಕೊಂಡು, ಕತ್ತರಿಸಿ ಬಣ್ಣ ಒರೆಸುವ ಬಟ್ಟೆ ಮಾಡಿದರು.

ಸಂಜೆ ಬಂದ ಮಾಲೀಕರು ರೇಗಿದರು. "ಹಿಂದಿನ ಬೀದೀಲಿ ಕಣ್ಮುಚ್ಚಿ ಹಾಕ್ಕೊಡ್ತಾರೆ!"

"ಕೊಡಬಹುದು ಸಾರ್. ಆದ್ರೆ ನಾಳೆ ಬ್ಯಾಂಡಿನವರು ಬಂದ್ರೆ, ಅಚ್ಚು ಹಾಕಿದೋರ ಜೊತೆ ಮಾರಿದೋರನ್ನೂ ಕೇಳ್ತಾರೆ," ಎಂದಳು ಸೊಸೆ.

ಮಾಲೀಕರು ಸ್ಟೂಲ್ ಎಳೆದು ಕೂತರು. ಅಲ್ಲೇ ಇದ್ದ ಗೆಳತಿ ಮೆಲ್ಲಗೆ, "ನಿಮ್ಮ ಅಂಗಡಿಗೇ ಒಂದು ಲೋಗೊ ಮಾಡೋಣ್ವಾ?" ಎಂದಳು.

"ನನಗ್ಯಾಕಮ್ಮ? ನಾನೇನು ಹಾಡ್ತೀನಾ?"

"ಊರಲ್ಲಿ ಹಾಡೋರ ಗಿಟಾರಿಗೆ ತಂತಿ ಕಟ್ಟೋರು ನೀವೇ ಅಲ್ವಾ?"

ಅವಳು ಅಲ್ಲೇ ಬರೆದು ತೋರಿಸಿದಳು. ತುಂಡಾದ ಗಿಟಾರ್ ತಂತಿಯೊಂದು ಸುರುಳಿ ಸುತ್ತಿ ಅಂಗಡಿಯ ಹೆಸರಾಗಿತ್ತು. ಬರೆದವಳು ಯಾರು, ಎಲ್ಲೆಲ್ಲಿ ಬಳಸಬಹುದು ಎಂದು ಚೀಟಿಯಲ್ಲಿ ಬರೆದು ಗೆಳತಿ, ಮಾಲೀಕರು ಇಬ್ಬರೂ ಸಹಿ ಹಾಕಿದರು. ಅರವತ್ತರ ಬದಲು ಮೂವತ್ತೇ ಶರ್ಟಾದವು. ಶನಿವಾರ ಮಾಲೀಕರು ಒಂದನ್ನು ತಾವೇ ತೊಟ್ಟು, ಹೊಟ್ಟೆಯ ಮೇಲೆ ಬಿಗಿಯಾದರೂ ಬಿಚ್ಚದೆ, ಅಂಗಡಿ ಬಾಗಿಲಲ್ಲಿ ನಿಂತಿದ್ದರು.

ಈಗ ಆ ಅಂಗಡಿಗೆ ಯಾರು ಚಿತ್ರ ತಂದರೂ, "ಯಾರದು? ಕೇಳಿದೀರಾ?" ಎಂದು ಮೊದಲು ವಿಚಾರಿಸುವವನು ಗಂಡನೇ.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಶರ್ಟು, ಸ್ಟಿಕರ್, ಬ್ಯಾನರ್ ಮಾಡುವವರೇ? ನೆಟ್ಟಲ್ಲಿ ಕಂಡ ಮಾತ್ರಕ್ಕೆ ಲೋಗೊ ನಿಮ್ಮದಾಗುವುದಿಲ್ಲ. ಬಣ್ಣ ಬದಲಿಸಿದರೂ, ಕೆಳಗೆ ಅವರ ಹೆಸರು ಬರೆದರೂ ಅದು ಒಪ್ಪಿಗೆಯಲ್ಲ. ಮಾರುವ ಮುಂಚೆ ಕೇಳಿ, ಬರಹದಲ್ಲೇ ಕೇಳಿ, ಬಂದ ಉತ್ತರ ಜೋಪಾನ ಮಾಡಿ. ಬೇಡ ಎಂದರೆ ಬಿಟ್ಟುಬಿಡಿ. ನಿಮ್ಮ ಬೀದಿಯಲ್ಲೂ ಚಿತ್ರ ಬರೆಯುವವರಿದ್ದಾರೆ. ಅವರ ಬಾಗಿಲು ತಟ್ಟಿ.