ಸಂದಿಲ್ಲದ ಕೋಣೆ

ಕಡ್ಡಿಯ ತುದಿಗೆ ಸಿಕ್ಕಿಸಿದ ಒಂದು ಎಳೆ ಹತ್ತಿ. ಅದನ್ನು ಹಿಡಿದು ನನ್ನ ಮಾವ ಅಡಿವೆಪ್ಪನವರು ಗೋಡೆಯ ಪಕ್ಕ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕಿಟಕಿಯ ಚೌಕಟ್ಟು, ಬಾಗಿಲ ಕೀಲು, ಬೀಗದ ತೂತು, ವೈರು ಒಳಬರುವ ಕಿಂಡಿ. ಹತ್ತಿ ಅಲುಗಾಡಿದರೆ ಅಲ್ಲೊಂದು ಸಂದು ಇದೆ ಎಂದು ಅರ್ಥ. ಕೂಡಲೇ ಟೇಪು, ಅಂಟು, ಹಳೆಯ ಸೀರೆಯ ಚೂರು. ಅಲುಗಾಡದಿದ್ದರೆ ಅವರು ನನ್ನ ಕಡೆ ತಿರುಗಿ ನಗುತ್ತಿದ್ದರು, ಮಂಚದ ಮೇಲೆ ಕೂತಿದ್ದ ನಾನೂ ನಗಲೇಬೇಕಾಗುತ್ತಿತ್ತು.

ನಮ್ಮೂರಿನ ಸುತ್ತ ಸುಣ್ಣದ ಭಟ್ಟಿಗಳಿದ್ದವು. ಚಳಿಗಾಲದಲ್ಲಿ ಅವುಗಳ ಹೊಗೆ ಮೇಲೇರದೆ ಊರಿನ ಮೇಲೇ ಕೂರುತ್ತಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ವರ್ಷ ಒಂದು ಬೆಳಿಗ್ಗೆ ಬೋರ್ಡಿನ ಮುಂದೆ ನಿಂತಿದ್ದಾಗ ಉಸಿರು ಕಟ್ಟಿತು. ಎಳೆದುಕೊಳ್ಳಲು ಹೋದರೆ ಒಳಗೆ ಏನೂ ಬರುತ್ತಿರಲಿಲ್ಲ. ಮಕ್ಕಳೇ ನನ್ನನ್ನು ಹೊತ್ತುಕೊಂಡು ದವಾಖಾನೆಗೆ ಓಡಿದರು. ಆರು ದಿನ ಅಲ್ಲಿದ್ದೆ. ಮನೆಗೆ ಕಳಿಸುವಾಗ ಡಾಕ್ಟರಬಾಯಿ ನನ್ನ ಗಂಡ ಮಹಾಂತೇಶನಿಗೆ ಹೇಳಿದರು: "ಹೊಗಿ ಇಳಿಯೂತನಕಾ ಈಕಿಗೆ ಶುದ್ಧ ಗಾಳಿ ಬೇಕ್ರಿ. ಇನ್ನೊಮ್ಮೆ ಹಿಂಗಾದ್ರ ನನ್ನ ಕೈಯಾಗ ಏನೂ ಇರೂದಿಲ್ಲ."

ಹೊಗೆ ಇಳಿಯಲು ನಾಲ್ಕು ತಿಂಗಳು ಬೇಕಿತ್ತು. ಶುದ್ಧ ಗಾಳಿಯನ್ನು ಯಾವ ಅಂಗಡಿಯಿಂದ ತರುವುದು? ಗಾಳಿ ಸೋಸುವ ಯಂತ್ರ ನಮ್ಮ ಊರಿನಲ್ಲಿ ಸಿಗುತ್ತಿರಲಿಲ್ಲ. "ನಾ ಮಾಡ್ತೀನಿ ಬಿಡು," ಎಂದರು ಮಾವ. ಅವರು ನಲವತ್ತು ವರ್ಷ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಫ್ಯಾನು, ಬೆಲ್ಟು ನೋಡಿಕೊಂಡವರು. ಆ ಯಂತ್ರಗಳ ಸದ್ದಿಗೆ ಅವರ ಕಿವಿ ಹೋಗಿತ್ತು. ಅವರಿಗೆ ಏನು ಹೇಳಬೇಕಿದ್ದರೂ ಓಣಿಗೆಲ್ಲ ಕೇಳುವಂತೆ ಕೂಗಬೇಕು. ನನಗೆ ಕೂಗುವ ಉಸಿರಿರಲಿಲ್ಲ. ಹಾಗಾಗಿ ನಮ್ಮಿಬ್ಬರ ಮಾತು ಒಂದು ನೋಟ್‌ಬುಕ್ಕಿನಲ್ಲಿ ನಡೆಯುತ್ತಿತ್ತು. ನಾನು ಬರೆಯುವುದು, ಅವರು ಓದಿ ಗಟ್ಟಿಯಾಗಿ ಉತ್ತರಿಸುವುದು. ಓಣಿಯವರಿಗೆ ಅರ್ಧ ಸಂಭಾಷಣೆ ಮಾತ್ರ ಸಿಗುತ್ತಿತ್ತು, ಉಳಿದರ್ಧವನ್ನು ಅವರೇ ಕಟ್ಟಿಕೊಳ್ಳುತ್ತಿದ್ದರು.

ಮಡಿಕೆ ಮಡಿಕೆಯಾದ ಬಿಳಿ ಫಿಲ್ಟರುಗಳು ನಾಲ್ಕು, ಅಗಲ ರೆಕ್ಕೆಯ ಒಂದು ಫ್ಯಾನು. ಫಿಲ್ಟರುಗಳನ್ನು ನಾಲ್ಕು ಗೋಡೆಗಳಂತೆ ನಿಲ್ಲಿಸಿ, ತಳಕ್ಕೆ ರಟ್ಟು ಹಾಕಿ, ಮೇಲೆ ಫ್ಯಾನು ಕೂರಿಸಿದರು. ಕೋಣೆಯ ಗಾಳಿ ನಾಲ್ಕು ಕಡೆಯಿಂದ ಒಳಗೆ ಹೋಗಿ, ಧೂಳನ್ನು ಫಿಲ್ಟರಿಗೆ ಒಪ್ಪಿಸಿ, ಮೇಲಿನಿಂದ ಹೊರಗೆ ಬರಬೇಕು. ಅದು ಎಷ್ಟು ಬರುತ್ತದೆ ಎಂಬ ಲೆಕ್ಕ ನನ್ನ ಪಾಲಿಗೆ ಬಂತು.

ಫ್ಯಾನಿನ ಡಬ್ಬಿಯ ಮೇಲೆ ನಿಮಿಷಕ್ಕೆ ಸಾವಿರ ಘನ ಅಡಿ ಎಂದಿತ್ತು. ನಾನು ಅದನ್ನೇ ಬರೆದುಕೊಂಡೆ. ಮಾವ ನೋಡಿ ನಕ್ಕುಬಿಟ್ಟರು. "ಅದು ಮಾರೋರ ಲೆಕ್ಕ ಯವ್ವಾ. ಮುಂದ ಏನೂ ಅಡ್ಡ ಇಲ್ಲದಾಗ ಅಷ್ಟು ಬೀಸತೈತಿ. ಮೂಗಿಗೆ ಅರಿವಿ ಕಟ್ಟಿ ಓಡು ಅಂದ್ರ ನೀ ಎಷ್ಟು ಓಡ್ತಿ?" ಅವರು ಹತ್ತಿ ಸುತ್ತುವ ಪ್ಲಾಸ್ಟಿಕ್ ಹಾಳೆಯಿಂದ ಒಂದು ದೊಡ್ಡ ಚೀಲ ಹೊಲಿದರು. ಮೂರಡಿ, ನಾಲ್ಕಡಿ, ಐದಡಿ. ಅಂದರೆ ಅರವತ್ತು ಘನ ಅಡಿ. ಅದನ್ನು ಫ್ಯಾನಿನ ಬಾಯಿಗೆ ಹಿಡಿದು ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿದೆವು. ಒಂದೇ ಫಿಲ್ಟರಿದ್ದಾಗ ಹದಿನೈದು ಸೆಕೆಂಡು. ನಾಲ್ಕು ಸೇರಿಸಿದರೆ ಒಂಬತ್ತು. ಉಸಿರಾಡಲು ಜಾಗ ಹೆಚ್ಚಾದಷ್ಟೂ ಫ್ಯಾನಿಗೂ ಸುಲಭ. ಒಂಬತ್ತು ಸೆಕೆಂಡಿಗೆ ಅರವತ್ತು ಎಂದರೆ ನಿಮಿಷಕ್ಕೆ ನಾನೂರು. ಫಿಲ್ಟರು ನೂರು ಕಣಕ್ಕೆ ಎಂಬತ್ತನ್ನು ಹಿಡಿದರೆ, ಪೂರ್ತಿ ಶುದ್ಧವಾದ ಗಾಳಿ ಮುನ್ನೂರಿಪ್ಪತ್ತರ ಸಮ. ಕೋಣೆ ಒಟ್ಟು ಸಾವಿರದಿನ್ನೂರು ಘನ ಅಡಿ. ನಾಲ್ಕು ನಿಮಿಷದೊಳಗೆ ಇಡೀ ಕೋಣೆ ತೊಳೆದಂತೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅವತ್ತು ನನಗೆ ಕಾಯಿಲೆಯೇ ಮರೆತುಹೋಯಿತು.

ಮಹಾಂತೇಶ ಎಲ್ಲಿಂದಲೋ ಧೂಳು ಅಳೆಯುವ ಒಂದು ಪುಟ್ಟ ಮೀಟರು ತಂದ. ಹೊರಗೆ ಇನ್ನೂರೆಂಬತ್ತು ತೋರಿಸುತ್ತಿದ್ದದ್ದು ಒಳಗೆ ನಲವತ್ತಕ್ಕೆ ಇಳಿಯಿತು. ಡಾಕ್ಟರಬಾಯಿ ಬಂದು ನೋಡಿ, "ಭೇಷ್, ಇಷ್ಟಿದ್ರ ಸಾಕು," ಎಂದರು. ಆದರೆ ಮಾವನಿಗೆ ಸಾಲಲಿಲ್ಲ. ಉಳಿದ ನಲವತ್ತು ಎಲ್ಲಿಂದ ಬರುತ್ತಿದೆ? ಸಂದಿನಿಂದ. ಹಾಗೆ ಶುರುವಾಯಿತು ಆ ಹತ್ತಿಯ ಕಡ್ಡಿಯ ಓಡಾಟ. ಒಂದೊಂದು ಸಂದು ಮುಚ್ಚಿದಾಗಲೂ ಅಂಕಿ ಇಳಿಯುತ್ತಿತ್ತು. ಮೂವತ್ತು, ಇಪ್ಪತ್ತೆರಡು, ಹದಿನಾಲ್ಕು. ಕೊನೆಗೆ ಒಂಬತ್ತು. ಓಣಿಯವರು ಪಡಸಾಲೆಗೆ ಬಂದು ಅಂಕಿ ಕೇಳಿ ಹೋಗುತ್ತಿದ್ದರು. "ಸೊಸಿಗೆ ಮಂಜಿನ ಗುಡ್ಡದ ಗಾಳಿ ಮಾಡಿಕೊಟ್ಟಾನ ನೋಡು ಅಡಿವೆಪ್ಪ," ಎನ್ನುತ್ತಿದ್ದರು.

ಬಾಗಿಲು ದಿನಕ್ಕೆ ನಾಲ್ಕು ಸಲ ತೆರೆಯುತ್ತಿತ್ತು. ಊಟಕ್ಕೆ ಎರಡು, ಬಚ್ಚಲಿಗೆ ಎರಡು. ತೆರೆದರೂ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಕಿಟಕಿಯ ಗಾಜಿಗೂ ಟೇಪು ಬಿದ್ದಿದ್ದರಿಂದ ಹೊರಗೆ ಯಾರು ಹೋದರೆಂದು ನೆರಳು ನೋಡಿ ಊಹಿಸಬೇಕಿತ್ತು. ಮೊದಲ ವಾರ ಓದಿದೆ. ಎರಡನೇ ವಾರ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ತಲೆ ಕಲ್ಲಿನಷ್ಟು ಭಾರ. ಎಷ್ಟು ಮಲಗಿದರೂ ನಿದ್ದೆ, ಎದ್ದರೆ ವಾಕರಿಕೆ. ಕಾಯಿಲೆ ಹೆಚ್ಚಾಯಿತೆಂದು ಮನೆಯವರೆಲ್ಲ ತೀರ್ಮಾನಿಸಿದರು. ಅದಕ್ಕೆ ಮಾವ ಕಂಡ ಉಪಾಯ ಬಾಗಿಲ ಕೆಳಗೆ ಇನ್ನೊಂದು ಪದರ ಗೋಣಿ.

ಒಂದು ದಿನ ಹದಿನೇಳನ್ನು ಎಂಟರಿಂದ ಗುಣಿಸಲು ಹೋದೆ. ಬರಲಿಲ್ಲ. ಹದಿನೇಳೆಂಟ್ಲಿ ಎಷ್ಟು? ಹನ್ನೆರಡು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಮಗ್ಗಿ ಅದು. ಬೆರಳು ಮಡಿಚಿ ಎಣಿಸಿದೆ, ನಡುವೆ ಎಣಿಕೆ ತಪ್ಪಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಉಸಿರು ಕಟ್ಟಿದ ದಿನವೂ ನಾನು ಅಷ್ಟು ಹೆದರಿರಲಿಲ್ಲ.

ಸಂಜೆ ಮಹಾಂತೇಶ ಬಂದಾಗ ಹೇಳಿದೆ: "ಬಾಗಲಾ ತಗೀರಿ. ಇಲ್ಲಿ ನನಗ ಉಸಿರು ಸಾಲವಲ್ದು."

ಅವನು ಮೀಟರು ಎತ್ತಿ ನನ್ನ ಮುಂದೆ ಹಿಡಿದ. "ಒಂಬತ್ತು ಐತಿ ನೋಡು. ಇಡೀ ಊರಾಗ ಇಷ್ಟು ಚೊಲೋ ಗಾಳಿ ಯಾರಿಗೂ ಇಲ್ಲ. ಒಳಗ ಕುಂತು ಕುಂತು ನಿನಗ ಹಂಗ ಅನಸಾಕತ್ತೈತಿ."

"ಅನಸೂದಲ್ರಿ. ಖರೇನ."

"ಅಪ್ಪ ಎಷ್ಟು ಕಷ್ಟ ಪಟ್ಟಾನ. ಅವಗ ಹೇಳಬ್ಯಾಡ, ನೊಂದ್ಕೋತಾನ."

ಅವನು ಕೆಟ್ಟವನಲ್ಲ. ನಾನೇ ನನ್ನ ಕೈಯಾರೆ ಮಾಡಿದ ಲೆಕ್ಕವನ್ನು ಅವನು ನಂಬಿದ್ದ, ಅಷ್ಟೇ. ಅಂಕಿ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಪ್ರೀತಿಯಿಂದ ಕಟ್ಟಿದ ಜೈಲಿನಲ್ಲಿ ಕೂತವಳು ಯಾರ ಮೇಲೆ ದೂರು ಕೊಡಬೇಕು? ಅವತ್ತು ಗೋಡೆಗೆ ಮುಖ ಮಾಡಿ ಮಲಗಿ ಅತ್ತೆ, ಅತ್ತಿದ್ದರಿಂದ ಮೂಗು ಕಟ್ಟಿ ಇನ್ನಷ್ಟು ಕಷ್ಟವಾಯಿತು.

ಮರುದಿನ ಬಚ್ಚಲಿಗೆ ಹೋದವಳು ಬೇಕೆಂದೇ ತಡಮಾಡಿದೆ. ಹಿತ್ತಲ ಹೊಗೆಗೆ ಕೆಮ್ಮು ಬಂತು, ಆದರೆ ತಲೆ ತಿಳಿಯಾಯಿತು. ನೂರಾ ಮೂವತ್ತಾರು! ಹದಿನೇಳೆಂಟ್ಲಿ ನೂರಾ ಮೂವತ್ತಾರು. ಬಚ್ಚಲಲ್ಲೇ ನಿಂತು ನನ್ನ ಲೆಕ್ಕವನ್ನು ಮೊದಲಿನಿಂದ ನೆನೆದೆ. ಕೋಣೆ ಇತ್ತು, ಫ್ಯಾನು ಇತ್ತು, ಫಿಲ್ಟರು ಇತ್ತು, ಧೂಳಿತ್ತು. ಕೋಣೆಯೊಳಗೆ ಕೂತು ಇಪ್ಪತ್ತನಾಲ್ಕು ತಾಸೂ ಉಸಿರು ಬಿಡುವ ಹೆಂಗಸು ಅದರಲ್ಲಿ ಎಲ್ಲೂ ಇರಲಿಲ್ಲ. ಫಿಲ್ಟರು ಧೂಳನ್ನು ಹಿಡಿಯುತ್ತದೆ, ಬಿಟ್ಟ ಉಸಿರನ್ನು ಹಿಡಿಯುವುದಿಲ್ಲ. ನಾನು ಬಿಟ್ಟದ್ದನ್ನೇ ತಿರುಗಿ ತಿರುಗಿ ಎಳೆದುಕೊಳ್ಳುತ್ತಿದ್ದೆ. ಶಾಲೆಯಲ್ಲಿ ಇಂಥ ತಪ್ಪು ಮಾಡಿದ ಹುಡುಗಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಆದರೆ ಬರೆದು ತೋರಿಸಿದರೆ ಮಾವ ನಂಬುತ್ತಾರೆಯೇ? ಅವರು ಕೈಗೆ ಸಿಕ್ಕಿದ್ದನ್ನು ಮಾತ್ರ ನಂಬುವವರು. ನಾನೊಂದು ಸಣ್ಣ ಮೋಸ ಮಾಡಿದೆ. ಫಿಲ್ಟರು ಎಷ್ಟು ದಿನ ಬಾಳುತ್ತದೆಂದು ಲೆಕ್ಕ ಹಾಕೋಣ, ಒಳಗೆ ಬನ್ನಿ ಎಂದು ಮಧ್ಯಾಹ್ನದ ಊಟವಾದ ಮೇಲೆ ಕರೆದೆ. ಬಾಗಿಲು ಮುಚ್ಚಿದೆವು. ಒಂದು ಲೆಕ್ಕ ಮುಗಿದರೆ ಇನ್ನೊಂದು ತೆಗೆದೆ. ಐದು ಗಂಟೆಯ ಹೊತ್ತಿಗೆ ಮಾವ ಮೂರು ಸಲ ಆಕಳಿಸಿ ಹಣೆ ಒತ್ತಿಕೊಂಡರು. ಚೀಲದ ಅಳತೆ ಕೇಳಿದೆ. ತಾವೇ ಹೊಲಿದ ಚೀಲ. "ಮೂರು, ನಾಕು... ಎಷ್ಟವ್ವಾ ಅದು?" ಎಂದರು. ಆಮೇಲೆ ಕೂತಲ್ಲೇ ತೂಕಡಿಸಿದರು.

ಅವರ ಭುಜ ಅಲುಗಾಡಿಸಿ ನೋಟ್‌ಬುಕ್ಕು ಮುಂದಿಟ್ಟೆ. 'ನಿಮಗೀಗ ಆಗುತ್ತಿರುವುದು ನನಗೆ ಹದಿನೆಂಟು ದಿನದಿಂದ ಆಗುತ್ತಿದೆ' ಎಂದು ಬರೆದಿದ್ದೆ.

ಮಾವ ಓದಿದರು. ಎದ್ದು ಹೊರಗೆ ಹೋದರು. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಒಳಗೆ ಬಂದರು. ಹೊಸಿಲು ದಾಟಿದ ಕೂಡಲೇ ಮೂಗು ಅರಳಿಸಿ ನಿಂತುಬಿಟ್ಟರು. ಆ ಕೋಣೆಗೆ ಎಂಥ ವಾಸನೆಯಿತ್ತೆಂದು ಒಳಗಿದ್ದ ನನಗೆ ಗೊತ್ತಿರಲಿಲ್ಲ. ಹತ್ತಿಯ ಕಡ್ಡಿ ಮೂಲೆಯಲ್ಲಿತ್ತು. ಅದನ್ನೆತ್ತಿ ಕಿಟಕಿಗೆ ಹಿಡಿದರು, ಬಾಗಿಲ ಕೀಲಿಗೆ ಹಿಡಿದರು, ವೈರಿನ ಕಿಂಡಿಗೆ ಹಿಡಿದರು. ಎಲ್ಲಿಯೂ ಒಂದು ಎಳೆಯೂ ಅಲುಗಲಿಲ್ಲ. ಈ ಸಲ ಅವರು ನಗಲಿಲ್ಲ. ಕಡ್ಡಿಯನ್ನು ಮುರಿದು ಎಸೆದು, ಉಗುರಿನಿಂದ ಟೇಪು ಕೀಳತೊಡಗಿದರು.

ಅಂದೇ ಸಂಜೆ ನಾವು ಪೆಟ್ಟಿಗೆಯ ಜಾಗ ಬದಲಿಸಿದೆವು. ಕೋಣೆಯ ನಡುವಿನಿಂದ ಎತ್ತಿ ಕಿಟಕಿಗೆ ಕೂರಿಸಿದೆವು, ಫಿಲ್ಟರುಗಳು ಹೊರಗೆ, ಫ್ಯಾನಿನ ಬಾಯಿ ಒಳಗೆ. ಇನ್ನು ಗಾಳಿ ಹೊರಗಿನಿಂದ ಸೋಸಿಕೊಂಡು ಬಂದು ಬಾಗಿಲಿನಿಂದ ಆಚೆ ಹೋಗುತ್ತದೆ. ಒಳಗಿನಿಂದ ಒತ್ತುವ ಗಾಳಿಯಿದ್ದರೆ ಬಾಗಿಲು ತೆರೆದಿದ್ದರೂ ಹೊಗೆ ನುಗ್ಗುವುದಿಲ್ಲ. ಮೀಟರು ಒಂಬತ್ತರಿಂದ ಐವತ್ತೆಂಟಕ್ಕೆ ಏರಿತು. ಮಹಾಂತೇಶನ ಮುಖ ನೋಡುವಂತಿತ್ತು. ನಾನು ಮಾತ್ರ ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ಡಾಕ್ಟರಬಾಯಿಗೆ ಹೇಳಿಕಳಿಸಿದೆವು. ಫಿಲ್ಟರು ಎರಡು ಪಟ್ಟು ಮಾಡಿ ಇನ್ನಷ್ಟು ಇಳಿಸಿರಿ, ಬಾಗಿಲು ಮಾತ್ರ ತೆರೆದೇ ಇರಲಿ ಎಂದು ಉತ್ತರ ಬಂತು.

ಮರುದಿನ ಸಂಜೆ ಟೇಪಿನ ಕೊನೆಯ ಚೂರು ಕೀಳುವಾಗ ನನಗೆ ಮೊದಲಿನ ಹುರುಪು ಬಂದಿತ್ತು. ಕೂಗಲು ಉಸಿರೂ ಇತ್ತು. "ಏನ್ ಮುಚ್ಚೀರಿ ಮಾವಾರ! ಇರಿವಿ ಸೈತ ಒಳಗ ಬರಲಿಲ್ಲ. ಎಲ್ಲಿ ಕಲ್ತ್ರಿ ಇದನ್ನ?" ಎಂದು ತಮಾಷೆ ಮಾಡಿದೆ.

ಅವರು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. "ಮಿಲ್ಲಿನಾಗ," ಎಂದರು. "ಜಿನ್ನಿನ ಹಾಲಿಗೆ ನಾಕು ಫ್ಯಾನಿದ್ವು. ಧೂಳು ಹೊರಗ ಒಗಿಯಾಕ. ಸಾವಕಾರ ಬಂದು, ಧೂಳಿನ ಜೋಡಿ ಚೊಲೋ ಹತ್ತೀನೂ ಹೊಂಟೈತಿ, ಎರಡು ಮುಚ್ಚು ಅಂದ. ಮುಚ್ಚಿದ್ನಿ. ಹಲಗಿ ಬಡದು, ಗೋಣಿ ತುರುಕಿ, ಡಾಂಬರು ಬಳದ್ನಿ. ಒಂದು ಸಂದು ಬಿಡಲಿಲ್ಲ. ಸಾವಕಾರ ಬೆನ್ನು ತಟ್ಟಿದ."

ಆ ಹಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರಲ್ಲಿ ಅವರ ಹೆಂಡತಿ ಕಾಶವ್ವನೂ ಒಬ್ಬಳು. ನಾನು ಆ ಮನೆಗೆ ಬರುವ ಮೊದಲೇ ನನ್ನ ಅತ್ತೆ ಕೆಮ್ಮಿ ಕೆಮ್ಮಿ ಸತ್ತಿದ್ದರು.

ಮಾವ ನನ್ನ ಮಂಚದ ಮೇಲೆ ಕೂತರು. "ನೀ ಲೆಕ್ಕದಾಕಿ. ಹೇಳವ್ವಾ. ನಾಕು ಇದ್ದಾಗ ಎಷ್ಟು ಧೂಳು, ಎರಡು ಇದ್ದಾಗ ಎಷ್ಟು?"

ಬಹಳ ಸುಲಭದ ಲೆಕ್ಕ. ಹೊರಗೆ ಹೋಗುವ ಗಾಳಿ ಅರ್ಧವಾದರೆ ಒಳಗೆ ಉಳಿಯುವ ಧೂಳು ಎರಡರಷ್ಟು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಗಾಳಿಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ನೋಟ್‌ಬುಕ್ಕಿನಲ್ಲಿ 'ಎರಡರಷ್ಟು' ಎಂದು ಬರೆದೆ.

ಅವರು ಅದನ್ನು ನೋಡಿದರು. "ಮುಚ್ಚಿದ ಮ್ಯಾಲ ಆಕಿ ಹನ್ನೊಂದು ವರ್ಷ ದುಡದಳು," ಎಂದರು. ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ನಾನು ಬರೆದ ಶಬ್ದದ ಕೆಳಗೆ ತಾವೇ ಬರೆದರು. ಇಪ್ಪತ್ತೆರಡು. ಬರೆದು ಅದನ್ನೇ ನೋಡುತ್ತ ಕೂತರು.

ಹೆಗಲ ಮೇಲೆ ಕೈಯಿಡಬೇಕೆನಿಸಿತು. ಮಾವನ ಮೈ ಮುಟ್ಟುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಕೂಗಿ ಸಮಾಧಾನ ಹೇಳೋಣವೆಂದರೆ ಓಣಿಗೆಲ್ಲ ಕೇಳುತ್ತಿತ್ತು.

"ನೀ ಹೊರಗ ಹೋಗಿ ಕುಂಡ್ರವ್ವಾ," ಎಂದರು ಅವರು. ಆ ಮನೆಗೆ ಬಂದು ಏಳು ವರ್ಷವಾಗಿತ್ತು, ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾ ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ. ಬಾಗಲಾ ಮುಂದಕ್ಕ ಮಾಡು."

ನಾನು ಹೊರಗೆ ಬಂದೆ. ಆ ಬಾಗಿಲನ್ನು ಇನ್ನೊಬ್ಬರ ಮೇಲೆ ಎಳೆಯಲು ನನಗೆ ಕೈ ಬರುತ್ತಿರಲಿಲ್ಲ, ಆದರೂ ಎಳೆದೆ. ಪೂರ್ತಿ ಹಾಕಲಿಲ್ಲ, ನಾಲ್ಕು ಬೆರಳು ಬಿಟ್ಟೆ. ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತರೆ ಆ ಸಂದಿನಿಂದ ತಣ್ಣನೆಯ ಗಾಳಿ ಬಂದು ಪಾದಕ್ಕೆ ತಾಗುತ್ತಿತ್ತು. ಮಹಾಂತೇಶ ಚಹಾ ತಂದ, ಮಾವನ ಪಾಲಿನದನ್ನು ತಟ್ಟೆ ಮುಚ್ಚಿಟ್ಟೆ. ಕತ್ತಲಾಗುವವರೆಗೂ ಒಳಗಿನಿಂದ ಗಾಳಿ ಬರುತ್ತಲೇ ಇತ್ತು, ಅವರು ಬರಲಿಲ್ಲ.