ಐಸಿನ ಥರ್ಮಾಸ್

ಲ್ಯಾಬಿನ ಕೋಣೆಗೆ ಡಬ್ಬಿ ಹಿಡಿದು ಹೋಗುವುದಕ್ಕೆ ಗೌರೀಶನಿಗೆ ನಾಚಿಕೆ. ಅದಕ್ಕೆ ಮೊರಬದ ಮನೆಯಲ್ಲೇ ವೀರ್ಯ ತೆಗೆದು, ಐಸು ತುಂಬಿದ ಥರ್ಮಾಸಿನಲ್ಲಿಟ್ಟು ನವಲಗುಂದಕ್ಕೆ ತಂದಿದ್ದ. ಮಕ್ಕಳಾಗದ ದೋಷ ತನ್ನದಲ್ಲವೆಂದು ಹೆಂಡತಿ ರೋಹಿಣಿಯ ಎದುರೇ ಹೇಳಿಸಬೇಕಿತ್ತು. ಅವನ ಅವ್ವ ಆಗಲೇ ಎರಡನೆಯ ಮದುವೆಗೆ ಹೆಣ್ಣು ನೋಡಿಟ್ಟಿದ್ದಳು.

ಲ್ಯಾಬಿನ ಹೆಣ್ಣುಮಗಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

"ಸಂಖ್ಯಾ ಬೇಕಾದಷ್ಟ ಐತ್ರಿ. ಆದ್ರ ಒಂದೂ ಅಳ್ಳಾಡವಲ್ದು. ಐಸಿನ್ಯಾಗ ಇಡಂತ ಯಾರ ಹೇಳಿದ್ರು? ಬೆಚ್ಚಗ ತರಬೇಕಿತ್ತು."

"ನಮ್ಮ ಎಮ್ಮಿಗೆ ಡಾಕ್ಟರ್ ಕೋಣದ್ದು ಥಂಡ್ ಡಬ್ಬ್ಯಾಗ ತರ್ತಾರಲ್ರಿ, ಅದು ಗಬ್ಬ ಆಗೂದಿಲ್ಲೇನು?" ಗೌರೀಶ ಗುಡುಗಿದ.

"ಅದಕ್ಕ ಔಷಧ ಹಾಕಿ ಇಟ್ಟಿರ್ತಾರ. ಇದರಾಗ ಏನೂ ತಿಳಿಯಂಗಿಲ್ಲ. ಮೂರು ದಿನ ಬಿಟ್ಟು ಬಂದು ಇಲ್ಲೇ ಕೊಡ್ರಿ."

"ನಾ ಬರೂದಿಲ್ಲ. ದೋಷ ಇಕೀದ."

ರೋಹಿಣಿಗೆ ರೇಗಿತು. "ನಾ ಎಮ್ಮಿ ಅಲ್ರಿ. ನೀವು ಬರಲಿಲ್ಲಂದ್ರ ಈ ಥರ್ಮಾಸ್ ಒಯ್ದು ನಿಮ್ಮವ್ವ ನೋಡಿಟ್ಟ ಹೆಣ್ಣಿನ ಅಪ್ಪನ ಮುಂದಿಟ್ಟು, ಇದರಾಗ ಏನ ತಂದಿದ್ರಿ ಅಂತ ಹೇಳ್ತೀನಿ."

ಗೌರೀಶ ಥರ್ಮಾಸಿಗೆ ಕೈಚಾಚಿದ. ಅವಳು ಅದನ್ನು ಆಗಲೇ ಕಂಕುಳಲ್ಲಿ ಅವಚಿಕೊಂಡಿದ್ದಳು.

"ಯಾವಾಗ ಬರಬೇಕ್ರಿ?" ಎಂದು ಅವನು ಲ್ಯಾಬಿನವಳನ್ನು ಕೇಳಿದ.