ಬುಗುರಿಯ ಜಡೆ

ಚಿಕ್ಕಮ್ಮನ ಅಂಗಡಿಗೆ ಹರಿದ ಬ್ಯಾಗು ತಂದವರಿಗೆ ಮೊದಲು ವಿಚಾರಣೆ, ಆಮೇಲೆ ಹೊಲಿಗೆ. "ಇದು ಹರಿದಿದ್ದು ಹೇಗೆ?" ಅಂತ ಅವಳು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೇಳಿದಳೆಂದರೆ ಉತ್ತರ ಹೇಳದೆ ಬಿಡುಗಡೆಯಿಲ್ಲ. ಬರೀ ಒಂದು ಜಿಪ್ ಹಾಕಿಸಿಕೊಂಡು ಹೋಗೋಣ ಅಂತ ಬಂದವರು ಮನೆಯ ಜಗಳ, ಮಗನ ಪರೀಕ್ಷೆ, ತಪ್ಪಿಹೋದ ರೈಲು ಎಲ್ಲವನ್ನೂ ಒಪ್ಪಿಸಿ ಹೋಗುತ್ತಿದ್ದರು. ಎಳೆತ ಯಾವ ಕಡೆಯಿಂದ ಬಿತ್ತು ಅಂತ ತಿಳಿಯದೆ ಹೊಲಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ ಎಂಬುದು ಅವಳ ಸಮಜಾಯಿಷಿ. ಅದು ಅರ್ಧ ನಿಜ. ತಿಳಿದುಕೊಳ್ಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ ಎಂಬುದು ಇನ್ನರ್ಧ.

ಅಂಗಡಿಯೂ ಅವಳಂತೆಯೇ ವಿಚಿತ್ರ. ಗೋಡೆಯ ತುಂಬ ಮೊಳೆಗಳಿದ್ದರೂ ಬ್ಯಾಗು, ಬೆಲ್ಟು, ಪಟ್ಟಿ ಎಲ್ಲ ತೂಗುತ್ತಿದ್ದದ್ದು ಎದೆಯೆತ್ತರದಿಂದ ಕೆಳಗೆ. ಮೇಲಿನ ಸಾಲು ಪೂರ್ತಿ ಖಾಲಿ. "ಆ ಮೊಳೆಗಳನ್ನ ಯಾರಿಗೆ ಕಾದಿರಿಸಿದ್ದೀಯ, ಜಿರಾಫೆಗಾ?" ಅಂತ ಅವಳ ಅಕ್ಕ ರೇಗಿಸಿದರೆ, "ಸಾಮಾನು ಅಂದ್ಮೇಲೆ ಕೈಗೆ ಸಿಗೋ ಹಾಗಿರಬೇಕು" ಅಂತ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಸಂಜೆಯಾದರೆ ಅಂಗಡಿಗೆ ಬೀಗ, ಮೈದಾನದಲ್ಲಿ ಹುಡುಗಿಯರಿಗೆ ಸಾಫ್ಟ್‌ಬಾಲ್ ತರಬೇತಿ. ಅಕ್ಕನ ಮಗಳು ಬುಗುರಿ "ಚಿಕ್ಕಮ್ಮ" ಅಂತ ಕರೆಯುತ್ತಿದ್ದುದರಿಂದ ಇಡೀ ತಂಡಕ್ಕೂ ಅವಳು ಚಿಕ್ಕಮ್ಮನೇ. ಬುಗುರಿ ತಂಡದ ಪಿಚರ್. ಈ ಆಟದಲ್ಲಿ ಪಿಚರ್ ಚೆಂಡನ್ನು ತಲೆಯ ಮೇಲಿಂದ ಎಸೆಯುವ ಹಾಗಿಲ್ಲ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಬ್ಯಾಟಿನವಳ ಕಡೆಗೆ ಬಿಡಬೇಕು. ಬುಗುರಿ ಹಾಗೆ ಬಿಟ್ಟ ಚೆಂಡು ಬ್ಯಾಟಿನವಳಿಗೆ ಕಾಣುವಷ್ಟರಲ್ಲಿ ಅವಳ ಹಿಂದೆ ಕೂತ ಕ್ಯಾಚರ್‌ನ ಗ್ಲೌಸಿನಲ್ಲಿ ಇರುತ್ತಿತ್ತು.

ಚಿಕ್ಕಮ್ಮನೂ ಒಂದು ಕಾಲದಲ್ಲಿ ಪಿಚರ್. ಒಂದು ಟೂರ್ನಿಯನ್ನು ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಒಬ್ಬಳೇ ಎಸೆದು ಗೆಲ್ಲಿಸಿದ ಕತೆಯನ್ನು ಅವಳು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು. ಕೇಳಿ ಕೇಳಿ ಬುಗುರಿಗೆ ಅದು ಬಾಯಿಪಾಠ. ಮೇಲಿಂದ ಎಸೆದರೆ ತೋಳು ಕೆಡುತ್ತದೆ, ಕೆಳಗಿಂದ ಎಸೆದರೆ ಏನೂ ಆಗುವುದಿಲ್ಲ ಎಂದು ಅವಳ ಕಾಲದ ಕೋಚುಗಳೆಲ್ಲ ನಂಬಿದ್ದರು. ಚಿಕ್ಕಮ್ಮನೂ ನಂಬಿದ್ದಳು. ಹಾಗಾಗಿ ಯಾವ ಆಟವಾದರೂ ಚೆಂಡು ಬುಗುರಿಯ ಕೈಗೇ. ಎರಡನೆಯ ಪಿಚರ್ ಅಂತ ಒಬ್ಬಳಿದ್ದಳು, ಅಡ್ಡಹೆಸರು ಸಾವಕಾಶಿ. ಅವಳ ಚೆಂಡು ಬ್ಯಾಟಿನವರೆಗೆ ತಲುಪುವಷ್ಟರಲ್ಲಿ ಒಂದು ಆಕಳಿಕೆ ಮುಗಿಸಬಹುದಿತ್ತು. ಟೂರ್ನಿಗಳಲ್ಲಿ ಅವಳ ಕೆಲಸ ನೀರಿನ ಬಾಟಲಿ ಕಾಯುವುದು.

ಈ ಸಲದ ಟೂರ್ನಿ ಎರಡು ದಿನದ್ದು. ಮೊದಲ ದಿನದ ಆಟಗಳನ್ನೆಲ್ಲ ಬುಗುರಿಯೇ ಎಸೆದಳು. ಎರಡನೆಯ ದಿನ ಬೆಳಿಗ್ಗೆ ಸೆಮಿಫೈನಲ್ಲೂ ಗೆದ್ದಾಯಿತು. ಮಧ್ಯಾಹ್ನ ಫೈನಲ್. ನಡುವೆ ಎಲ್ಲರೂ ಗ್ಯಾಲರಿಯ ನೆರಳಲ್ಲಿ ಕೂತಿದ್ದಾಗ ಬುಗುರಿ, "ಚಿಕ್ಕಮ್ಮ, ಮನೆಗೆ ಹೋದ್ಮೇಲೆ ನನ್ನ ಕೂದಲು ನಿನ್ನ ಹಾಗೆ ಗಿಡ್ಡಕ್ಕೆ ಕತ್ತರಿಸಿಬಿಡು" ಅಂದಳು.

ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಸೊಂಟ ಮುಟ್ಟುವ ಆ ಜಡೆಯನ್ನು ಹೆತ್ತ ತಾಯಿಗೂ ಮುಟ್ಟಲು ಬಿಡದ ಹುಡುಗಿ ಇವಳು. ಇವಳು ಕನ್ನಡಿಯ ಮುಂದೆ ನಿಂತಳೆಂದರೆ ಮನೆಮಂದಿಗೆಲ್ಲ ತಡವಾಗುತ್ತಿತ್ತು.

"ಯಾಕೇ?"

"ಸುಮ್ನೆ. ಅಡ್ಡಿ ಆಗತ್ತೆ."

ಅಷ್ಟು ಹೇಳಿ ಬುಗುರಿ ಎಡಗೈಯಲ್ಲಿ ಬಾಟಲಿ ಎತ್ತಿ ನೀರು ಕುಡಿದಳು. ಚಿಕ್ಕಮ್ಮನ ತಲೆಯಲ್ಲಿ ಹುಳ ಹೊಕ್ಕಿತು. ಕೂದಲು ಯಾಕೆ ಗಿಡ್ಡ ಅಂತ ಯಾರಾದರೂ ಕೇಳಿದರೆ ತಾನು ಹೇಳುವ ಉತ್ತರವೂ ಇದೇ ಅಲ್ಲವೇ? ಅವಳು ಮೆಲ್ಲಗೆ ಹಿಂದೆ ಹೋಗಿ ಜಡೆ ನೋಡಿದಳು. ಒಂದು ಎಳೆ ದಪ್ಪ, ಒಂದು ಸಣಕಲು; ಅರ್ಧಕ್ಕೆ ಬರುವಷ್ಟರಲ್ಲಿ ಸೊಟ್ಟಗೆ ತಿರುಗಿತ್ತು. ತುದಿಯ ದಾರಕ್ಕೆ ಹಾಕಿದ್ದ ಗಂಟನ್ನು ಅವಳು ಎಲ್ಲೋ ನೋಡಿದ್ದಳು. ದಿನವಿಡೀ ಗಂಟು ಬಿಚ್ಚುವವಳಿಗೆ ಅದು ನೆನಪಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಕ್ಯಾಚರ್ ಹುಡುಗಿ ಮಂಡಿಯ ಪ್ಯಾಡಿಗೆ ಹಾಕುವ ಗಂಟು ಅದು.

ಆ ಕ್ಯಾಚರ್‌ಗೆ ತಂಡದಲ್ಲಿ ಗೋಡೆ ಅಂತ ಹೆಸರು. ಯಾವ ಚೆಂಡೂ ಅವಳನ್ನು ದಾಟಿ ಹೋಗುತ್ತಿರಲಿಲ್ಲ, ಯಾವ ಗುಟ್ಟೂ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗ್ಯಾಲರಿಯ ಹಿಂದೆ ಬಾಳೆಹಣ್ಣು ಸುಲಿಯುತ್ತಿದ್ದ ಅವಳ ಪಕ್ಕ ಚಿಕ್ಕಮ್ಮ ಹೋಗಿ ಕೂತಳು.

"ಇವತ್ತು ಅವಳ ಜಡೆ ಹೆಣೆದಿದ್ದು ನೀನಾ?"

"ಹೇಳ್ಬೇಡ ಅಂದಿದ್ದಾಳೆ."

"ಏನನ್ನ ಹೇಳ್ಬೇಡ ಅಂದ್ಲು?"

"ಅದೇ, ಕೈ ಹಿಂದಕ್ಕೆ ಹೋಗಲ್ಲ ಅನ್ನೋದನ್ನ." ಅಂದವಳೇ ಗೋಡೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹೇಗೂ ಹೇಳಿಯಾಯಿತಲ್ಲ ಅಂತ ಉಳಿದದ್ದನ್ನೂ ಒದರಿದಳು. "ಎಸೆಯುವಾಗ ಅಷ್ಟು ಗೊತ್ತಾಗಲ್ವಂತೆ. ಸುಮ್ನೆ ಕೂತ್ಮೇಲೆ ಭುಜ ಹಿಡ್ಕೊಳ್ಳತ್ತಂತೆ. ನೀವೇನೂ ಗಾಬರಿಯಾಗ್ಬೇಡಿ, ಪಿಚರ್‌ಗಳಿಗೆಲ್ಲ ಹಾಗೇ ಅಂತೆ. ನಿಮಗೂ ಹಾಗೇ ಅಲ್ವಾ?"

"ನನಗಾ? ಯಾರು ಹೇಳಿದ್ದು?"

"ಬುಗುರೀನೇ. ಅದಕ್ಕೇ ನಿಮ್ಮ ಅಂಗಡೀಲಿ ಮೇಲಿನ ಮೊಳೆಗಳೆಲ್ಲ ಖಾಲಿ ಅಂದ್ಲು."

ಚಿಕ್ಕಮ್ಮ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಬಲಗೈ ಮೇಲೆತ್ತಿದಳು. ಕೈ ಕಿವಿಯವರೆಗೆ ಬಂದು ನಿಂತಿತು. ಹಿಂದಕ್ಕೆ ಒಯ್ಯಲು ನೋಡಿದಳು, ಆಗಲಿಲ್ಲ. ಇದೇನು ಹೊಸದಲ್ಲ, ಎಷ್ಟೋ ವರ್ಷದಿಂದ ಆ ಕೈ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೂದಲು ಕತ್ತರಿಸಿಕೊಂಡದ್ದು ಆ ದೊಡ್ಡ ಟೂರ್ನಿ ಗೆದ್ದ ವರ್ಷವೇ ಎಂಬುದೂ ಈಗ ನೆನಪಾಯಿತು. ಊರವರ ಬ್ಯಾಗುಗಳಿಗೆಲ್ಲ ಹರಿದಿದ್ದು ಹೇಗೆ ಅಂತ ಕೇಳಿದವಳು ತನ್ನ ಭುಜಕ್ಕೆ ಒಂದು ದಿನವೂ ಕೇಳಿರಲಿಲ್ಲ. ಈ ಮಗು ಅದನ್ನು ಅಂಗಡಿಯ ಖಾಲಿ ಮೊಳೆ ನೋಡಿಯೇ ತಿಳಿದುಕೊಂಡಿದೆ, ತಿಳಿದುಕೊಂಡು ಇದೇ ಸರಿಯಾದ ದಾರಿ ಅಂತ ಹಿಂದೆಯೇ ನಡೆದು ಬಂದಿದೆ. ಚಿಕ್ಕಮ್ಮನಿಗೆ ಹೆದರಿಕೆಯಾಯಿತು.

ಫೈನಲ್ ಶುರುವಾಗುವ ಹೊತ್ತಿಗೆ ಅವಳು ಚೆಂಡನ್ನು ಸಾವಕಾಶಿಯ ಕೈಗಿಟ್ಟಳು. ಸಾವಕಾಶಿ ಅದನ್ನೂ ಕಾಯಬೇಕೇನೋ ಅಂದುಕೊಂಡು ಬಾಟಲಿಗಳ ಪಕ್ಕ ಇಟ್ಟಳು.

"ಎಸಿಯೋಕೆ ಕೊಟ್ಟಿದ್ದು ಕಣೇ!"

ಬುಗುರಿ ಕೆಂಡವಾದಳು. "ನನಗೇನಾಗಿದೆ? ನೀನು ಎಲ್ಲಾ ಆಟಾನೂ ಎಸೆದಿದ್ದೆ!"

"ಎಸೆದಿದ್ದೆ. ಅದರಿಂದ ಆಗಿದ್ದು ನೋಡು." ಚಿಕ್ಕಮ್ಮ ತಂಡದವರೆಲ್ಲರ ಎದುರು ಕೈ ಎತ್ತಿದಳು. ಅದು ಕಿವಿಯ ಹತ್ತಿರ ನಿಂತಿತು. "ಇಷ್ಟೇ. ಇದಕ್ಕಿಂತ ಮೇಲೆ ಹೋಗಲ್ಲ."

"ಪಿಚರ್‌ಗಳಿಗೆಲ್ಲ ಹಾಗೇ ಅಲ್ವಾ?"

"ಅಲ್ಲ. ನಿಲ್ಲಿಸು ಅಂತ ಹೇಳೋರು ಇಲ್ಲದ ಪಿಚರ್‌ಗೆ ಮಾತ್ರ ಹಾಗೆ."

ಬುಗುರಿ ಮುಖ ತಿರುಗಿಸಿಕೊಂಡು ಬೆಂಚಿನ ತುದಿಗೆ ಹೋಗಿ ಕೂತಳು.

ಸಾವಕಾಶಿಯ ಚೆಂಡು ತನ್ನ ಪಾಡಿಗೆ ತಾನು ಬರುತ್ತಿತ್ತು. ಎದುರು ತಂಡದ ಹುಡುಗಿಯರು ಬೆಳಿಗ್ಗೆ ಬುಗುರಿಯ ಆಟ ನೋಡಿ ಬಿರುಸಿನ ಚೆಂಡಿಗೆ ತಯಾರಾಗಿ ಬಂದಿದ್ದವರು. ಚೆಂಡು ಬರುವ ಮೊದಲೇ ಬ್ಯಾಟು ಬೀಸಿ ಮುಗಿಸಿ ಪೆಚ್ಚಾದರು. ಚಿಕ್ಕಮ್ಮನಿಗೆ ಆ ಗಡಿಬಿಡಿಯಲ್ಲೂ ಕುತೂಹಲ ಹುಟ್ಟಿತು: ನಿಧಾನಕ್ಕೂ ಇಷ್ಟು ಶಕ್ತಿ ಇದೆಯೇ? ಆದರೆ ಕೆಲವು ಇನಿಂಗ್ಸ್ ಕಳೆಯುವಷ್ಟರಲ್ಲಿ ಅವರಿಗೆ ಗುಟ್ಟು ತಿಳಿಯಿತು. ಕಾದು ಹೊಡೆಯಲು ಶುರುಮಾಡಿದರು. ಕಪ್ ಅವರ ಪಾಲಾಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ಹುಡುಗಿಯೊಬ್ಬಳ ಅಪ್ಪ ಚಿಕ್ಕಮ್ಮನಿಗೆ ಕೇಳುವ ಹಾಗೆ ಗೊಣಗಿದ. ಸಾವಕಾಶಿ ಮಾತ್ರ ಬೆವರು ಒರೆಸಿಕೊಳ್ಳುತ್ತ ಹಲ್ಲು ಕಿರಿಯುತ್ತಿದ್ದಳು.

ಮೈದಾನ ಖಾಲಿಯಾಗುತ್ತ ಬಂತು. ಬುಗುರಿ ಗ್ಯಾಲರಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು, ಗೋಡೆ ಹೆಣೆದ ಜಡೆ ಪೂರ್ತಿ ಬಿಚ್ಚಿಹೋಗಿತ್ತು. ಚಿಕ್ಕಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ನಾಳೆ ಡಾಕ್ಟರ ಹತ್ರ ಹೋಗೋಣ."

"ನಾನೊಬ್ಬಳೇ ಯಾಕೆ?"

"ಇಬ್ಬರೂ ಹೋಗೋಣ. ನಾನೂ ತೋರಿಸ್ಕೋತೀನಿ."

ಬುಗುರಿ ಬಿಚ್ಚಿಹೋದ ಕೂದಲನ್ನು ಎಡಗೈಯಲ್ಲಿ ಮುಂದಕ್ಕೆಳೆದುಕೊಂಡಳು. "ನಿನ್ನ ಕೂದಲು ಎಷ್ಟುದ್ದ ಇತ್ತು?"

"ನಿನ್ನಷ್ಟೇ."

"ಇಷ್ಟ ಇತ್ತಾ?"

"ತುಂಬ," ಅಂದಳು ಚಿಕ್ಕಮ್ಮ.

ಬುಗುರಿ ಎದ್ದು ಒಂದು ಮೆಟ್ಟಿಲು ಇಳಿದು, ಚಿಕ್ಕಮ್ಮನಿಗೆ ಬೆನ್ನು ಮಾಡಿ ಕೂತಳು. "ಕತ್ತರಿಸೋದು ಬೇಡ. ಹೆಣಿ."

ಚಿಕ್ಕಮ್ಮ ಕೈ ಚಾಚಿದಳು. ಬಲಗೈ ನಡುದಾರಿಯಲ್ಲೇ ತಡವರಿಸಿತು. ಬುಗುರಿ ತಿರುಗಿ ನೋಡಲಿಲ್ಲ. ತಲೆ ಕೈಗೆ ಸಿಗುವ ಹಾಗೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಕೂತಳು.